ಎರವಿನ ಹೆಪ್ಪು

ಒಬ್ಬರು ನಿರ್ಮಿಸಿದ ಪಾತ್ರಗಳನ್ನು ತೆಗೆದುಕೊಂಡು ಮತ್ತೊಬ್ಬರು ಕಥೆ ಬರೆದರೆ ಅದು ಯಾರ ಕಥೆ? ಮೇಲುನೋಟಕ್ಕೆ ಇದು ಸ್ವಾಮ್ಯದ ಪ್ರಶ್ನೆಯಂತೆ ತೋರುವುದು. ನ್ಯಾಯಸ್ಥಾನಕ್ಕೆ ಸೇರಿದ್ದೆಂದು ಬಿಟ್ಟುಬಿಡಬಹುದು. ಆದರೆ ಇದರೊಳಗೆ ಧರ್ಮವಿಚಾರಗಳೆರಡು ಅಡಗಿವೆ. ತನ್ನದಲ್ಲದ ಲೋಕದಲ್ಲಿ ಕೈಯಾಡಿಸುವವನು ಅದನ್ನು ಕೊಟ್ಟವರಿಗೆ ಏನನ್ನು ಸಲ್ಲಿಸಬೇಕು ಎಂಬುದೊಂದು. ಆ ಲೋಕದಲ್ಲಿ ಹೊತ್ತು ಕಳೆಯುವಾಗ ತನ್ನ ಸುತ್ತಣ ಲೋಕಕ್ಕೆ ಏನನ್ನು ಸಲ್ಲಿಸದೆ ಹೋಗುವನು ಎಂಬುದಿನ್ನೊಂದು. ಹಣಕ್ಕಾಗಲಿ ಕೀರ್ತಿಗಾಗಲಿ ಅಲ್ಲದೆ, ಕೇವಲ ಅಭಿಮಾನದಿಂದ, ಮೆಚ್ಚಿದ ಕಥೆಗಳನ್ನು ಬೆಳಸಿ ಬರೆಯುವ ಹವ್ಯಾಸಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ. ಫ್ಯಾನ್ ಫಿಕ್ಷನ್ ಎಂಬ ಹೆಸರು ಹೊಸದು, ಹವ್ಯಾಸ ಹಳೆಯದು. ಅದರ ಒಳಿತು ಕೆಡುಕುಗಳನ್ನು ತೂಗಿ ನೋಡುವುದಕ್ಕೆ ಇಂಗ್ಲೆಂಡಿನ ಬ್ರಾಂಟಿ ಮನೆತನದ ಚರಿತ್ರೆಯಂಥ ತಕ್ಕಡಿ ಮತ್ತೊಂದು ದೊರೆಯುವುದು ಕಷ್ಟ.

ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಎಂಬ ಊರಿನಲ್ಲಿ ಪ್ಯಾಟ್ರಿಕ್ ಬ್ರಾಂಟಿ ಪಾದ್ರಿಯಾಗಿದ್ದನು. 1821ರಲ್ಲಿ ಆತನ ಪತ್ನಿಯೂ, 1825ರಲ್ಲಿ ಹಿರಿಯ ಹೆಣ್ಣುಮಕ್ಕಳಿಬ್ಬರೂ ತೀರಿಕೊಂಡರು. ಉಳಿದವರು ಷಾರ್ಲಟ್, ಬ್ರಾನ್‌ವೆಲ್, ಎಮಿಲಿ, ಆನ್ ಎಂಬ ನಾಲ್ವರು. 1826ರ ಜೂನ್ ತಿಂಗಳಲ್ಲಿ ತಂದೆಯು ಲೀಡ್ಸ್ ಪಟ್ಟಣದಿಂದ ಮಗನಿಗೆಂದು ಒಂದು ಪೆಟ್ಟಿಗೆ ಮರದ ಸಿಪಾಯಿಗಳನ್ನು ತಂದನು. ಹತ್ತು ವರ್ಷದ ಷಾರ್ಲಟ್ ಅವುಗಳಲ್ಲೊಂದನ್ನು ಎತ್ತಿಕೊಂಡು ಇವನೇ ಡ್ಯೂಕ್ ಆಫ್ ವೆಲಿಂಗ್ಟನ್ ಎಂದಳು. ತಮ್ಮನು ತನ್ನದಕ್ಕೆ ಬೋನಪಾರ್ಟೆ ಎಂದು ಹೆಸರಿಟ್ಟನು. ವೃತ್ತಪತ್ರಿಕೆಗಳ ವೀರರು ಗೊಂಬೆಗಳಾದರು, ಗೊಂಬೆಗಳು ಕಥೆಗಳಾದುವು. ಬದುಕಿರುವ ಪುರುಷನನ್ನು ಕಥಾನಾಯಕನನ್ನಾಗಿ ಮಾಡುವುದು ಕನ್ನಡಿಗರಿಗೆ ಹೊಸತಲ್ಲ. ಸುಮಾರು 941ರಲ್ಲಿಯೇ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದ್ದನು. ಆದರೆ ಪಂಪನಿಗೆ ರಾಜಾಶ್ರಯವಿದ್ದಿತು, ಸಭೆಯಿದ್ದಿತು. ಈ ಮಕ್ಕಳಿಗೆ ಬರೆದವರೇ ವಾಚಕರು.

ಅವರು ಬರೆದ ರೀತಿಯೂ ಗಮನಾರ್ಹವಾದುದು. ಮನೆಗೆ ಬರುತ್ತಿದ್ದ ಬ್ಲ್ಯಾಕ್‌ವುಡ್ಸ್ ಎಂಬ ಮಾಸಪತ್ರಿಕೆಯನ್ನು ಅನುಕರಿಸಿ 1829ರಿಂದ ತಮ್ಮದೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಚೂರುಕಾಗದಗಳನ್ನು ಮಡಿಸಿ ಹೊಲಿದು, ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಹಾಳೆಗಳಲ್ಲಿ ಅಚ್ಚಿನಂತೆ ಕಾಣುವ ಸೂಕ್ಷ್ಮಾಕ್ಷರಗಳನ್ನು ತುಂಬಿದರು; ಮುಖಪತ್ರ, ವಿಷಯಸೂಚಿ, ಜಾಹಿರಾತುಗಳಿಗೂ ಲೋಪವಿರಲಿಲ್ಲ. ತಮ್ಮನಿಗೆ ಯುದ್ಧವೂ ರಾಜಕಾರಣವೂ ಪ್ರಿಯ. ಅಕ್ಕನಿಗೆ ಪ್ರೇಮವೂ ಮನುಷ್ಯಸ್ವಭಾವವೂ ಪ್ರಿಯ. ಒಬ್ಬರು ಕೊಂದ ಪಾತ್ರವನ್ನು ಮತ್ತೊಬ್ಬರು ಬದುಕಿಸುವರು. 1836ರಲ್ಲಿ ಮನೆಯಿಂದ ದೂರವಿದ್ದ ಷಾರ್ಲಟ್, ತಮ್ಮನು ಕಥೆಯ ರಾಣಿಯನ್ನು ನಿಜವಾಗಿಯೂ ಸಾಯಿಸಿಬಿಟ್ಟನೋ ಏನೋ ಎಂದು ಕಳವಳಪಟ್ಟು ಬರೆದುಕೊಂಡಿದ್ದಾಳೆ.

ಇದು ಕಳವೆ? ನೆರೆಮನೆಯಿಂದ ಹೆಪ್ಪು ತಂದು ಮೊಸರು ಮಾಡಿದರೆ ಮೊಸರು ನೆರೆಮನೆಯದೆಂದು ಯಾರೂ ಹೇಳರು; ಹಾಲು ಮಾತ್ರ ತನ್ನ ಮನೆಯದಾಗಿರಬೇಕು. ಷಾರ್ಲಟ್ಟಳ ಕಥೆಗಳಲ್ಲಿ ವೆಲಿಂಗ್ಟನ್ ಕ್ರಮೇಣ ಹಿಂದೆ ಸರಿದು ಅವನ ಕಲ್ಪಿತ ಪುತ್ರನಾದ ಜಮೋರ್ನಾ ಮುಂದೆ ಬಂದನು. ತಂದೆ ಕರ್ತವ್ಯನಿಷ್ಠ, ಮಗನು ರೂಪವಂತನೂ ದರ್ಪಿಷ್ಠನೂ ಚಂಚಲನೂ ಆದವನು. ಅಭಿಮಾನದಿಂದ ಮೊದಲಾದುದು ಪರೀಕ್ಷೆಯಾಗಿ ಬೆಳೆಯಿತು. ಮೆಚ್ಚಿದುದನ್ನೇ ಪ್ರಶ್ನಿಸುವ ಈ ಧೈರ್ಯ ಬಂದಲ್ಲಿ ಎರವಿನ ಸಾಲ ತೀರತೊಡಗುವುದು. ಅದು ಬಾರದಿದ್ದರೆ ಎಷ್ಟು ಬರೆದರೂ ಅದು ಸ್ತುತಿಪಾಠವೇ ಸರಿ.

ಆದರೂ ಎರವು ತರುವವನು ಪಾತ್ರವನ್ನಷ್ಟೇ ತರುವುದಿಲ್ಲ. ಅದರೊಡನೆ ಆ ಕಾಲದ ಕುರುಡನ್ನೂ ತರುವನು. ಮಕ್ಕಳ ರಾಜ್ಯವು ಆಫ್ರಿಕದ ಪಶ್ಚಿಮ ತೀರದಲ್ಲಿ ಸ್ಥಾಪಿತವಾಯಿತು. ಆಂಗ್ಲ ವೀರರು ಅಲ್ಲಿಗೆ ಹಡಗಿನಲ್ಲಿ ಹೋಗಿ, ಅಲ್ಲಿನ ಅಶಾಂತಿ ಜನರನ್ನು ಸೋಲಿಸಿ, ನಗರ ಕಟ್ಟಿದರು. ಆ ನೆಲ ಯಾರದೆಂದು ಮಕ್ಕಳು ಕೇಳಲಿಲ್ಲ. ಅವರು ಓದಿದ ಪತ್ರಿಕೆಗಳೂ ಕೇಳಿರಲಿಲ್ಲ. ಅವರ ಆರಾಧ್ಯನಾದ ವೆಲಿಂಗ್ಟನ್ ಎಂದರೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಕೋಟೆ ಬಿದ್ದಮೇಲೆ ಅಲ್ಲಿ ಅಧಿಕಾರ ನಡಸಿದ ಆರ್ಥರ್ ವೆಲ್ಲೆಸ್ಲಿಯೇ. ಹಾವರ್ತಿನ ಮಗುವಿಗೆ ದೇವತೆಯಾದವನು ಕಾವೇರಿಯ ತೀರದವರಿಗೆ ಬೇರೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಆದುದರಿಂದ ಎರವಿನ ಕಥೆಯ ಋಣವು ಮೂಲಕರ್ತನಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಮೂಲಕಥೆಯಲ್ಲಿ ಬಾಯಿಲ್ಲದೆ ನಿಂತವರಿಗೂ ಸಲ್ಲಬೇಕು. ಈ ಋಣವನ್ನು ಆ ಮಕ್ಕಳು ತೀರಿಸಲಿಲ್ಲ.

ಎರಡನೆಯ ವಿಚಾರ ಇನ್ನೂ ಕಠಿಣವಾದುದು. 1835ರಿಂದ 1838ರವರೆಗೆ ಷಾರ್ಲಟ್ ತಾನು ಓದಿದ್ದ ಶಾಲೆಯಲ್ಲಿಯೇ ಉಪಾಧ್ಯಾಯಿನಿಯಾಗಿದ್ದಳು. ಎದುರಿಗೆ ವ್ಯಾಕರಣದ ಪಾಠ. ಕಣ್ಣು ಮುಚ್ಚಿದರೆ ಆಂಗ್ರಿಯ ಎಂಬ ಕಲ್ಪಿತ ರಾಜ್ಯ. ಅಂಥ ಒಂದು ಗಳಿಗೆಯಲ್ಲಿ ಹುಡುಗಿಯೊಬ್ಬಳು ಪಾಠವನ್ನು ಹಿಡಿದು ಬಳಿಗೆ ಬಂದಾಗ ತನಗೆ ವಾಕರಿಕೆ ಬರುವಂತಾಯಿತೆಂದು ಆಕೆಯೇ ಬರೆದಿಟ್ಟಿದ್ದಾಳೆ. ಆಕೆಯ ಮೇಲೆ ಕನಿಕರಪಡುವ ವಾಚಕನು ಆ ಹುಡುಗಿಯನ್ನೂ ನೆನೆಯಬೇಕು. ಅವಳು ಮಾಡಿದ ತಪ್ಪೆಂದರೆ ಕಲ್ಪನೆಯಾಗಿರದೆ ನಿಜವಾಗಿದ್ದುದು.

1836ರ ಕೊನೆಯಲ್ಲಿ ಷಾರ್ಲಟ್ ಆಸ್ಥಾನಕವಿಯಾದ ರಾಬರ್ಟ್ ಸೌದಿಗೆ ಪತ್ರ ಬರೆದು ತನ್ನ ಕವಿತೆಗಳ ವಿಷಯದಲ್ಲಿ ಅಭಿಪ್ರಾಯ ಬೇಡಿದಳು. 1837ರ ಮಾರ್ಚಿಯಲ್ಲಿ ಬಂದ ಉತ್ತರದಲ್ಲಿ ಎರಡು ಮಾತುಗಳಿದ್ದುವು. ಸಾಹಿತ್ಯವು ಸ್ತ್ರೀಯ ಜೀವನವೃತ್ತಿಯಾಗಲಾರದು, ಆಗಲೂ ಕೂಡದು ಎಂಬುದೊಂದು. ಹಗಲುಗನಸಿನಲ್ಲಿ ಮುಳುಗಿದರೆ ಮನಸ್ಸಿನ ಸ್ವಾಸ್ಥ್ಯ ಕೆಡುವುದೆಂಬುದಿನ್ನೊಂದು. ಮೊದಲನೆಯದನ್ನು ಸುಮಾರು ಹತ್ತು ವರ್ಷಗಳಲ್ಲಿ ಆಕೆಯ ಲೇಖನಿಯೇ ಸುಳ್ಳುಮಾಡಿತು. ಎರಡನೆಯದನ್ನು ಆಕೆ ತಾನಾಗಿಯೇ ಅರಿತಿದ್ದಳು. ಹಿರಿಯರ ಉಪದೇಶದಲ್ಲಿ ಕಾಲದ ಹೊಟ್ಟೂ ಅನುಭವದ ಕಾಳೂ ಹೀಗೆ ಬೆರೆತಿರುವುದುಂಟು. ಕೇರಿಕೊಳ್ಳುವುದು ಕಿರಿಯರ ಕೆಲಸ.

ಸುಮಾರು 1839ರಲ್ಲಿ ಷಾರ್ಲಟ್ ಆಂಗ್ರಿಯಕ್ಕೆ ಬೀಳ್ಕೊಡುಗೆಯೊಂದನ್ನು ಬರೆದಳು. ಹದಿಮೂರು ವರ್ಷಗಳ ಪರಿಚಯದವರನ್ನು ಬಿಟ್ಟು ಅಪರಿಚಿತರ ನಡುವೆ ಹೋಗುವ ಸಂಕಟ ಅದರಲ್ಲಿದೆ. 1847ರಲ್ಲಿ ಜೇನ್ ಏರ್ ಪ್ರಕಟವಾಯಿತು. ಅದರ ನಾಯಕ ರಾಚೆಸ್ಟರ್‌ನಲ್ಲಿ ಜಮೋರ್ನಾನ ಛಾಯೆಯನ್ನು ವಿಮರ್ಶಕರು ಗುರುತಿಸಿದ್ದಾರೆ. ಆದರೆ ಅದರ ಲೋವುಡ್ ಶಾಲೆ ಆಂಗ್ರಿಯದಿಂದ ಬಂದುದಲ್ಲ. ಇಬ್ಬರು ಅಕ್ಕಂದಿರು ರೋಗಪೀಡಿತರಾಗಿ ಮನೆಗೆ ಮರಳಿದ ಕೋವನ್ ಬ್ರಿಜ್ ಶಾಲೆಯಿಂದ ಬಂದುದು. ಹೆಪ್ಪು ಎರವಿನದು, ಹಾಲು ಬಾಳಿನದು.

ಇಷ್ಟಕ್ಕೇ ನಿಲ್ಲಿಸಿ, ಎರವಿನ ಲೋಕವನ್ನು ಬಿಟ್ಟವರು ಉದ್ಧಾರವಾದರು, ಬಿಡದವರು ಕೆಟ್ಟರು ಎಂದು ತೀರ್ಪು ಕೊಡುವುದು ಸುಲಭ. ಬ್ರಾನ್‌ವೆಲ್ ಪ್ರಾಯದಲ್ಲಿಯೂ ತನ್ನ ಕಥಾಪಾತ್ರದ ಹೆಸರಿನಿಂದಲೇ ಕವಿತೆಗಳನ್ನು ಅಚ್ಚುಮಾಡಿಸಿ, ಮದ್ಯಕ್ಕೂ ಅಫೀಮಿಗೂ ವಶನಾಗಿ 1848ರಲ್ಲಿ ಮಡಿದುದು ಈ ತೀರ್ಪಿಗೆ ಸಾಕ್ಷಿಯಂತಿದೆ. ಆದರೆ ಎಮಿಲಿಯ ಬಾಳು ಅದನ್ನು ಒಪ್ಪುವುದಿಲ್ಲ. ಆಕೆಯೂ ಆನಳೂ ಕಟ್ಟಿದ ಗೊಂಡಾಲ್ ಎಂಬ ರಾಜ್ಯವನ್ನು ಎಮಿಲಿ ಬಿಡಲಿಲ್ಲ; 1845ರಲ್ಲಿ, ಇಪ್ಪತ್ತಾರು ವರ್ಷದವಳಾಗಿ, ಯಾರ್ಕ್ ನಗರದ ಪ್ರಯಾಣದುದ್ದಕ್ಕೂ ತಂಗಿಯೊಡನೆ ಗೊಂಡಾಲಿನ ಪಾತ್ರಗಳಾಗಿ ಆಡಿದಳು. ಎರಡು ವರ್ಷಕ್ಕೆ ವುದರಿಂಗ್ ಹೈಟ್ಸ್ ಹೊರಬಂದಿತು. ಆಕೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಲೇ ಎದುರಿಗೆ ಜರ್ಮನ್ ಪುಸ್ತಕವನ್ನು ಒರಗಿಸಿ ಓದುತ್ತಿದ್ದಳೆಂದು ಎಲಿಜಬೆತ್ ಗ್ಯಾಸ್ಕೆಲ್ ಬರೆದಿದ್ದಾಳೆ. ಹಿಟ್ಟೂ ಕೆಡಲಿಲ್ಲ, ಓದೂ ನಿಲ್ಲಲಿಲ್ಲ. ಆದಕಾರಣ ದೋಷವು ಕಲ್ಪನೆಯಲ್ಲಿ ಇಲ್ಲ. ಕಲ್ಪನೆಯ ನೆವದಿಂದ ಎದುರಿಗಿರುವವರನ್ನು ಹಗುರಮಾಡುವುದರಲ್ಲಿದೆ.

ಮನೆಯ ಮಕ್ಕಳು ಪರರ ಪಾತ್ರಗಳನ್ನಿಟ್ಟುಕೊಂಡು ಕಥೆ ಹೊಸೆಯುತ್ತಿದ್ದರೆ ಹಿರಿಯರು ಏನು ಮಾಡತಕ್ಕದ್ದು? ಪ್ಯಾಟ್ರಿಕ್ ಬ್ರಾಂಟಿಯು ಮಕ್ಕಳ ಬರವಣಿಗೆಯನ್ನು ತಡೆಯಲಿಲ್ಲ. 1833ರಲ್ಲಿ ಷಾರ್ಲಟ್ಟಳಿಗೊಂದು ಪುಸ್ತಕವನ್ನು ಕೊಟ್ಟು, ಇದರಲ್ಲಿ ಬರೆಯುವುದೆಲ್ಲ ಸ್ಪಷ್ಟವಾಗಿ ಓದಲು ಬರುವಂತಿರಲಿ ಎಂದಷ್ಟೇ ಅದರಲ್ಲಿ ಬರೆದನು. ಕಥೆ ಯಾರದೆಂದು ವಿಚಾರಿಸಲಿಲ್ಲ. ಮತ್ತೊಬ್ಬರು ಓದಬಲ್ಲಂತೆ ಬರೆ ಎಂದನು. ತನ್ನೊಬ್ಬಳಿಗೇ ಕಾಣುವ ಅಕ್ಷರದಿಂದ ಎಲ್ಲರಿಗೂ ಕಾಣುವ ಅಕ್ಷರಕ್ಕೆ ಬರುವುದೆಂದರೆ ಎದುರಿಗೆ ಇನ್ನೊಬ್ಬರಿದ್ದಾರೆಂದು ಒಪ್ಪಿಕೊಳ್ಳುವುದು. ಹವ್ಯಾಸಿಯಿಂದ ಇಷ್ಟನ್ನು ಕೇಳಿದರೆ ಅನ್ಯಾಯವಾಗದು. ಇದಕ್ಕಿಂತ ಹೆಚ್ಚಾಗಿ ಕೇಳುವ ಅಧಿಕಾರ ಹಿರಿಯರಿಗೂ ಇಲ್ಲ.