ನಿಯತ್ತು ಯಾರದು?

ನಾಯಿಯನ್ನು ನಾವು ನಿಯತ್ತಿನ ಪ್ರಾಣಿಯೆಂದು ಹೊಗಳುತ್ತೇವೆ. ಒಂದು ತುತ್ತು ಅನ್ನವಿಕ್ಕಿದವರನ್ನು ಅದು ಸಾಯುವವರೆಗೂ ಮರೆಯದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಅನ್ನದ ಋಣ ಉಂಡವರದು ಮಾತ್ರವೆ? ಅನ್ನವಿಕ್ಕಿ ಪಳಗಿಸಿದವರಿಗೂ ಒಂದು ಋಣ ಉಂಟೆ? ನಾಯಿಯು ಅಂಗಳದಲ್ಲಿ ಕಾವಲಿರುವಷ್ಟು ಕಾಲ ಈ ಪ್ರಶ್ನೆ ನಮ್ಮನ್ನು ಕಾಡುವುದಿಲ್ಲ. ಮನೆಯವರು ಊರನ್ನೇ ಬಿಟ್ಟು ಹೊರಡುವ ದಿನ ಬಂದಾಗ ಅದಕ್ಕೆ ಉತ್ತರ ಕೊಡದೆ ವಿಧಿಯಿಲ್ಲ.

ಮಗನೋ ಮಗಳೋ ಪರದೇಶದಲ್ಲಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. ಹೊರಡುವವರಿಗೆ ಒಂದು ಕಾರಣವಿರುತ್ತದೆ: ಉದ್ಯೋಗ, ಮಕ್ಕಳ ವಿದ್ಯಾಭ್ಯಾಸ, ಸಾಲ ತೀರಿಸುವ ಹಂಬಲ. ಪರಸ್ಥಳದ ಕಷ್ಟವನ್ನು ಸಹಿಸುವ ಬಲವನ್ನು ಆ ಕಾರಣವೇ ಕೊಡುತ್ತದೆ. ಮನೆಯ ನಾಯಿಗೆ ಅಂತಹ ಕಾರಣ ಯಾವುದೂ ತಿಳಿಯದು. ಸೂಟ್‌ಕೇಸುಗಳು ಹೊರಬಂದಾಗ ಏನೋ ನಡೆಯುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದರ ಪಾಲಿನ ನಿರ್ಧಾರವನ್ನು ನಾವೇ ಮಾಡುತ್ತೇವೆ. ಆದುದರಿಂದ ಹೊಣೆಯೂ ಪೂರ್ಣವಾಗಿ ನಮ್ಮದೇ.

ಆಗ ನಮ್ಮ ಮುಂದೆ ಮೂರು ದಾರಿಗಳಿರುತ್ತವೆ. ಯಾರಿಗೂ ತಿಳಿಯದಂತೆ ಯಾವುದೋ ಬೀದಿಯಲ್ಲಿ ಬಿಟ್ಟುಬರುವುದು ಮೊದಲನೆಯದು. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಆಹಾರ ಹುಡುಕುವ ವಿದ್ಯೆಯಿಲ್ಲ. ಬೀದಿನಾಯಿಗಳ ಗುಂಪು ಅದಕ್ಕೆ ಸುಲಭವಾಗಿ ಜಾಗ ಕೊಡುವುದೂ ಇಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾನೂನು ಇಲ್ಲದಿದ್ದರೂ ಮನಸ್ಸಾಕ್ಷಿ ಇದನ್ನು ಒಪ್ಪದು. ಪರಿಚಿತರ ಒಳ್ಳೆಯ ಮನೆಗೆ ಒಪ್ಪಿಸುವುದು ಎರಡನೆಯ ದಾರಿ. ಜೊತೆಗೆ ಕರೆದೊಯ್ಯುವುದು ಮೂರನೆಯದು. ಈ ಎರಡರ ನಡುವೆ ವಿವೇಚನೆ ಬೇಕು.

ಕರೆದೊಯ್ಯುವುದು ಸುಲಭವಲ್ಲ. ನಮ್ಮವರು ಹೆಚ್ಚಾಗಿ ಹೋಗುತ್ತಿರುವ ಜರ್ಮನಿಯನ್ನೇ ನೋಡೋಣ. ಭಾರತದಿಂದ ನಾಯಿಯನ್ನು ಅಲ್ಲಿಗೆ ಒಯ್ಯಬೇಕಾದರೆ ಮೊದಲು ಅದರ ಚರ್ಮದಡಿ ಗುರುತಿನ ಮೈಕ್ರೋಚಿಪ್ ಅಳವಡಿಸಬೇಕು. ಅನಂತರ ರೇಬೀಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರೋಗನಿರೋಧಕ ಶಕ್ತಿಯನ್ನು ಪರೀಕ್ಷಿಸಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಹೀಗೆ ಮೊದಲ ಬಾರಿ ಸಿದ್ಧತೆ ಮಾಡುವವರಿಗೆ ನಾಲ್ಕು ತಿಂಗಳಾದರೂ ಬೇಕು. ಉದ್ಯೋಗದ ಪತ್ರ ಬಂದು ಎರಡು ತಿಂಗಳಲ್ಲಿ ಹೊರಡಬೇಕಾದವರಿಗೆ ಇಷ್ಟು ಸಮಯವೆಲ್ಲಿದೆ? ಹೆಂಡತಿ ಮಕ್ಕಳು ಹಿಂದಿನಿಂದ ಬರುವಾಗ ತರಬೇಕು, ಇಲ್ಲವೇ ಹೋದವರೇ ಮರಳಿ ಬಂದು ಒಯ್ಯಬೇಕು. ಅಲ್ಲಿಯವರೆಗೆ ಯಾರಾದರೂ ಅದನ್ನು ನೋಡಿಕೊಳ್ಳಬೇಕು. ಪ್ರೀತಿಯೆಂಬುದು ಭಾವನೆಯಷ್ಟೇ ಅಲ್ಲ, ಮುಂದಾಲೋಚನೆಯೂ ಹೌದೆಂಬುದನ್ನು ಈ ನಾಲ್ಕು ತಿಂಗಳುಗಳು ಕಲಿಸುತ್ತವೆ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದು ಯಾರ ಹಿತಕ್ಕಾಗಿ? ಮುಪ್ಪಿನ ನಾಯಿಗೆ, ಹೃದ್ರೋಗವಿರುವ ನಾಯಿಗೆ, ಉಸಿರಾಟದ ತೊಂದರೆಗೆ ಬೇಗನೆ ಒಳಗಾಗುವ ಪಗ್‌ನಂತಹ ಚಪ್ಪಟೆ ಮೂಗಿನ ತಳಿಗಳಿಗೆ ವಿಮಾನಯಾನ ಅಪಾಯಕಾರಿ. ಅನೇಕ ವಿಮಾನ ಸಂಸ್ಥೆಗಳು ಅವನ್ನು ಒಯ್ಯಲು ಒಪ್ಪುವುದೂ ಇಲ್ಲ. ಅಂತಹ ನಾಯಿಯನ್ನು ಅದಕ್ಕೆ ಪರಿಚಯವಿರುವ ಅಜ್ಜಿಯ ಮಡಿಲಲ್ಲಿ ಬಿಟ್ಟುಹೋಗುವುದೇ ಪ್ರೀತಿ. ನಮ್ಮ ಒಂಟಿತನಕ್ಕೆ ಔಷಧಿಯಾಗಲೆಂದು ಅದನ್ನು ನರಳಿಸುವುದು ಪ್ರೀತಿಯ ಹೆಸರಿನ ಸ್ವಾರ್ಥ. ಆದರೆ ಒಯ್ಯಬಹುದಾದ ನಾಯಿಯನ್ನು ಕೇವಲ ತೊಂದರೆಯೆಂದು ಕೈಬಿಡುವುದೂ ಸ್ವಾರ್ಥವೇ.

ಮಹಾಭಾರತದ ಮಹಾಪ್ರಸ್ಥಾನದ ಕಥೆ ನಮಗೆಲ್ಲ ತಿಳಿದದ್ದು. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಬೆನ್ನಿಗೆ ಉಳಿದದ್ದು ಒಂದು ನಾಯಿ. ಇಂದ್ರನ ರಥ ಬಂದಾಗ, ನಾಯಿಗೆ ಸ್ವರ್ಗದಲ್ಲಿ ಸ್ಥಳವಿಲ್ಲವೆಂದು ತಿಳಿಯಿತು. ನಂಬಿ ಬಂದುದನ್ನು ಬಿಟ್ಟು ದೊರೆಯುವ ಸ್ವರ್ಗ ತನಗೆ ಬೇಡವೆಂದು ಆತ ನಿಂತುಬಿಟ್ಟ. ನಮ್ಮ ಪವಿತ್ರ ಗ್ರಂಥದ ತೋಬಿತನ ಕಥೆಯಲ್ಲಿಯೂ ಒಂದು ನಾಯಿಯಿದೆ. ನಿನೆವೆಯಲ್ಲಿ ಪರದೇಶಿಯಾಗಿ ಬಾಳುತ್ತಿದ್ದ ಕುಟುಂಬದ ಮಗ ತೋಬಿಯ ದೂರದ ಮೇದ್ಯಕ್ಕೆ ಹೊರಟಾಗ ರಫಾಯೇಲ್ ದೂತನೊಡನೆ ಆ ನಾಯಿಯೂ ಹೊರಟಿತು. ಅದಕ್ಕೆ ಹೆಸರಿಲ್ಲ, ಅದು ಮಾಡಿದ ಸಾಹಸದ ವರ್ಣನೆಯೂ ಇಲ್ಲ. ಹೋಗುವಾಗ ಜೊತೆಗಿತ್ತು, ಮರಳುವಾಗಲೂ ಜೊತೆಗಿತ್ತು; ಅಷ್ಟೇ. ದೇವದೂತನ ಸಹವಾಸ ದೊರೆತವನೂ ನಾಯಿಯನ್ನು ಅಟ್ಟಿಬಿಡಲಿಲ್ಲ.

ಹೊಸ ದೇಶವನ್ನು ತಲುಪಿದ ಮೇಲೆ ಋಣ ತೀರುವುದಿಲ್ಲ. ನಿಜವಾದ ಪರೀಕ್ಷೆ ಅಲ್ಲಿಂದಲೇ ಆರಂಭ. ಅಂಗಳದಲ್ಲಿ ಓಡಾಡಿಕೊಂಡಿದ್ದ ನಾಯಿ ಈಗ ಮೂರನೆಯ ಮಹಡಿಯ ಎರಡು ಕೋಣೆಗಳ ವಾಸಿ. ಡಿಸೆಂಬರಿನಲ್ಲಿ ಬರ್ಲಿನ್‌ನಂತಹ ನಗರಗಳಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಹಿಮ ಕರಗಿಸಲು ಎರಚುವ ಉಪ್ಪು ಪಾದಗಳನ್ನು ಉರಿಸುತ್ತದೆ. ದೀಪಾವಳಿಯ ಪಟಾಕಿಗೆ ಮಂಚದಡಿ ಅಡಗುತ್ತಿದ್ದ ನಾಯಿ ಡಿಸೆಂಬರ್ 31ರ ರಾತ್ರಿ ಅಲ್ಲಿಯೂ ಮಂಚದಡಿಯನ್ನೇ ಹುಡುಕುತ್ತದೆ. ಅದಕ್ಕೆ ಮನೆಯೆಂದರೆ ವಿಳಾಸವಲ್ಲ. ಪರಿಚಿತ ವಾಸನೆ, ಪರಿಚಿತ ದನಿ, ತಪ್ಪದ ಹೊತ್ತು. ಆದುದರಿಂದಲೇ ಹಳೆಯ ಹಾಸನ್ನು ಒಗೆಯದೆ ಒಯ್ಯಬೇಕು. ಅದೇ ಬಟ್ಟಲಿನಲ್ಲಿ, ಅದೇ ಹೊತ್ತಿಗೆ ಉಣಿಸಬೇಕು. ಕನ್ನಡದಲ್ಲಿ ಕರೆಸಿಕೊಂಡು ಬೆಳೆದ ನಾಯಿಯನ್ನು ಕನ್ನಡದಲ್ಲಿಯೇ ಕರೆಯಬೇಕು.

ಆ ದೇಶದ ಕಟ್ಟಳೆಗಳನ್ನೂ ತಿಳಿದಿರಬೇಕು. ಪ್ರಾಣಿಗಳು ವಸ್ತುಗಳಲ್ಲ ಎಂದು ಜರ್ಮನಿಯ ನಾಗರಿಕ ಸಂಹಿತೆಗೆ 1990ರಲ್ಲಿ ಸೇರಿಸಲಾಯಿತು. 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ನಾಯಿಗೆ ಹೊರಗೆ ಸಾಕಷ್ಟು ಓಡಾಟವನ್ನು ಒದಗಿಸಬೇಕು. ನಗರಾಡಳಿತಕ್ಕೆ ನಾಯಿ ತೆರಿಗೆಯನ್ನೂ ಕಟ್ಟಬೇಕು. ಎಂಟು ಗಂಟೆ ದುಡಿದು ದಣಿದು ಬಂದವರಿಗೆ ಈ ಓಡಾಟ ಭಾರವೆನಿಸೀತು. ಆದರೆ ಪರದೇಶದಲ್ಲಿ ಕದವಿಕ್ಕಿಕೊಂಡು ಕುಳಿತುಬಿಡುವವರನ್ನು ದಿನವೂ ಹೊರಗೆಳೆಯುವುದೂ ಅದೇ. ಎಂದೂ ಮಾತನಾಡಿಸದ ನೆರೆಯವರು ನಾಯಿಯ ಹೆಸರು ಕೇಳುವ ನೆಪದಲ್ಲಿ ಮೊದಲ ಮಾತನ್ನಾಡುತ್ತಾರೆ. ಯಾರನ್ನು ನಾವು ನೆಲೆಗೊಳಿಸಲು ಹೊರಟೆವೋ ಅದೇ ನಮ್ಮನ್ನೂ ನೆಲೆಗೊಳಿಸುತ್ತದೆ.

ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಪರೀಕ್ಷೆ, ಪಂಜರ, ವಿಮಾನ ದರ ಎಲ್ಲವೂ ಸೇರಿ ಖರ್ಚು ಲಕ್ಷ ರೂಪಾಯಿಯನ್ನು ಮೀರಬಹುದು. ಬಡವರು ಹಸಿದಿರುವಾಗ ನಾಯಿಗಾಗಿ ಇಷ್ಟೇಕೆ? ಧರ್ಮಸಭೆ ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯವೆಂದು ಬೋಧಿಸುವ ಕಥೋಲಿಕ ಧರ್ಮೋಪದೇಶ ಗ್ರಂಥವೇ, ಮಾನವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನೂ ಮಾನವರಿಗೇ ಸಲ್ಲಬೇಕಾದ ಮಮತೆಯನ್ನೂ ಅವುಗಳಿಗೆ ಸುರಿಯಬಾರದೆಂದು ಎಚ್ಚರಿಸುತ್ತದೆ. ಈ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿಯಬೇಕು. ಈಗಾಗಲೇ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಮಾಡುವ ಖರ್ಚು ಬೇರೆ. ಹುಟ್ಟುಹಬ್ಬ, ಅಲಂಕಾರವೆಂದು ಮಾಡುವ ದುಂದು ಬೇರೆ. ಆದರೆ ನಾಯಿಯ ಲಸಿಕೆಯ ದಿನಾಂಕ ತಪ್ಪದೆ ನೆನಪಿದ್ದು, ಊರಿನಲ್ಲಿರುವ ತಾಯಿಯ ಔಷಧಿ ಮುಗಿದ ದಿನ ನೆನಪಿಲ್ಲದಿದ್ದರೆ ಆ ಮನೆಯಲ್ಲಿ ಮಮತೆ ದಾರಿ ತಪ್ಪಿದೆ ಎಂದೇ ಅರ್ಥ. ನಾಯಿಗೆ ಮಿಡಿಯುವ ಹೃದಯ ತಾಯಿಗೆ ಇನ್ನೂ ಹೆಚ್ಚು ಮಿಡಿಯಬೇಕು. ಅದಕ್ಕಾಗಿ ನಾಯಿಗೆ ಕಡಿಮೆ ಮಾಡಬೇಕಾಗಿಲ್ಲ. ಕರುಣೆ ಹಂಚಿದಷ್ಟೂ ಬತ್ತುವ ಬಾವಿಯಲ್ಲ.

ನಾಯಿಮರಿಯೊಂದನ್ನು ಮನೆಗೆ ತರಬೇಕೆಂದು ಮಕ್ಕಳು ಹಟ ಹಿಡಿದಾಗ ತಂದೆತಾಯಿಗಳು ಈ ಮಾತನ್ನು ನೆನೆಯಲಿ. ಅದು ಹತ್ತು ಹನ್ನೆರಡು ವರ್ಷ ಬದುಕುವ ಜೀವ. ಆ ಅವಧಿಯಲ್ಲಿ ನಮ್ಮ ಉದ್ಯೋಗ, ಊರು, ದೇಶ ಯಾವುದೂ ಬದಲಾಗಬಹುದು. ಅದರ ಪಾಲಿಗೆ ನಾವು ಬದಲಾಗಬಾರದು. ನಾಯಿಯ ನಿಯತ್ತು ಅದಕ್ಕೆ ಹುಟ್ಟಿನಿಂದ ಬಂದದ್ದು. ನಮ್ಮದನ್ನು ನಾವು ಪ್ರತಿದಿನವೂ ಮನಸ್ಸು ಮಾಡಿ ಉಳಿಸಿಕೊಳ್ಳಬೇಕು.