ಏನೂ ಆಗದಿರಲಿ ಎಂಬ ಕೆಲಸ

ತೀರಿಕೊಂಡವರನ್ನು ನೆನೆಯಲು ಕೂತಾಗ ಅವರು ಮಾಡಿದ್ದನ್ನು ಎಣಿಸುವುದು ನಮ್ಮ ರೂಢಿ. ಕಟ್ಟಿಸಿದ ಮನೆ, ಓದಿಸಿದ ಮಕ್ಕಳು, ಕೊಟ್ಟ ದಾನ, ಬಂದ ಸನ್ಮಾನ. ನುಡಿನಮನಕ್ಕೆ ನಿಂತವರಿಗೆ ಇಂಥದ್ದೊಂದು ಪಟ್ಟಿ ಬೇಕೇ ಬೇಕು. ನಮ್ಮ ದೊಡ್ಡಪ್ಪ ಹೋದಾಗ ಈ ಪಟ್ಟಿ ಬೇಗ ಮುಗಿದುಹೋಯಿತು. ಕೆಇಬಿಯಲ್ಲಿ ಎಂಜಿನಿಯರ್ ಆಗಿದ್ದರು, ಕೈ ಶುದ್ಧವಿತ್ತು, ಹಾಸಿಗೆ ಹಿಡಿದ ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡರು, ಊರಿಗೆ ಬೇಕಾದವರು. ಎಲ್ಲವೂ ನಿಜವೇ. ಆದರೆ ಇಷ್ಟು ಹೇಳಿ ಕೂತರೆ, ನಿವೃತ್ತರಾದ ಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಅವರು ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದುದು ಯಾತಕ್ಕೆ ಎಂಬುದು ಹೊರಗೇ ಉಳಿಯುತ್ತದೆ. ಏನೋ ಒಂದು ಆಗದಂತೆ ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತು. ಆಗದೇ ಹೋದದ್ದನ್ನು ಯಾರು ಎಣಿಸುತ್ತಾರೆ, ಹೇಗೆ ಎಣಿಸುತ್ತಾರೆ?

ನಮ್ಮ ಸಾಗರ ತಾಲ್ಲೂಕಿನವರಿಗೆ ಕೆಇಬಿ ಎಂದರೆ ಬರೀ ಇಲಾಖೆಯಲ್ಲ. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಮೆಸ್ಕಾಂ ಬಂತು. ಆದರೂ ಕರೆಂಟು ಹೋದರೆ ಜನ ಇಂದಿಗೂ ‘ಕೆಇಬಿಗೆ ಫೋನ್ ಮಾಡು’ ಎಂದೇ ಹೇಳುತ್ತಾರೆ. ದೊಡ್ಡಪ್ಪ ಕೆಲಸಕ್ಕೆ ಸೇರಿದ್ದು ಲಿಂಗನಮಕ್ಕಿ ಅಣೆಕಟ್ಟು ಮುಗಿದ ಹೊಸತರಲ್ಲಿ, ಶರಾವತಿಯ ಕರೆಂಟು ಘಟ್ಟದ ಮೇಲಿನ ದೊಡ್ಡ ಕಂಬಗಳ ಸಾಲಿನಲ್ಲಿ ದೂರದೂರುಗಳಿಗೆ ಹರಿಯತೊಡಗಿದ್ದ ಕಾಲದಲ್ಲಿ. ಕೆಪಿಟಿಸಿಎಲ್ ಎಂಬ ಹೆಸರು ಬಂದ ಮರುವರ್ಷ ನಿವೃತ್ತರಾದರು. ಹಾರ ಹಾಕಿಸಿಕೊಂಡು ಮನೆಗೆ ಬಂದವರು ಕೆಲವೇ ದಿನಗಳಲ್ಲಿ ಹಳೆಯದೊಂದು ಅರ್ಥ್ ಮೆಗ್ಗರ್ ಕೊಂಡುತಂದರು. ನೆಲದ ಸಂಪರ್ಕದ ತಡೆ ಅಳೆಯುವ, ಕೈಯಲ್ಲಿ ಹಿಡಿಕೆ ತಿರುಗಿಸುವ, ಮುಳ್ಳು ಓಡಾಡುವ ಪೆಟ್ಟಿಗೆ. ಅದರ ಜೊತೆ ನೆಲಕ್ಕೆ ಬಡಿಯುವ ಎರಡು ಗೂಟ, ಉದ್ದನೆಯ ವೈರು, ಒಂದು ಸುತ್ತಿಗೆ. ಅಲ್ಲಿಂದ ಅವರು ಹತ್ತಿರದ ಪ್ರೈಮರಿ ಶಾಲೆಗಳನ್ನು ಒಂದೊಂದಾಗಿ ನೋಡತೊಡಗಿದರು.

ಅವರು ನೋಡುತ್ತಿದ್ದುದು ಅರ್ಥಿಂಗ್. ನಮ್ಮಲ್ಲಿ ಬಹಳ ಮಂದಿಗೆ ಅದು ಮೀಟರ್ ಬೋರ್ಡಿನಿಂದ ಹೊರಟು ಮಣ್ಣಿನಲ್ಲಿ ಮಾಯವಾಗುವ ಒಂದು ತಂತಿ, ಅಷ್ಟೆ. ದೊಡ್ಡಪ್ಪ ಅದನ್ನು ಮಕ್ಕಳಿಗೂ ತಿಳಿಯುವಂತೆ ಲೆಕ್ಕ ಹಾಕಿ ತೋರಿಸುತ್ತಿದ್ದರು. ಪಂಪಿನ ಒಳಗೆ ವೈರು ಸವೆದು ಅದರ ಕಬ್ಬಿಣದ ಮೈಗೆ ಕರೆಂಟು ಬಂತು ಎಂದುಕೊಳ್ಳಿ. 230 ವೋಲ್ಟ್. ನೆಲದ ಸಂಪರ್ಕ ಚೆನ್ನಾಗಿದ್ದು, ಎಲ್ಲ ಸೇರಿ ತಡೆ 5 ಓಮ್ ಇದ್ದರೆ 46 ಆಂಪಿಯರ್ ಹರಿಯುತ್ತದೆ. 15 ಆಂಪಿಯರಿನ ಫ್ಯೂಸು ಸುಟ್ಟುಹೋಗಿ ಪಂಪು ನಿಲ್ಲುತ್ತದೆ. ಅದೇ ತಡೆ 100 ಓಮ್ ಇದ್ದರೆ ಹರಿಯುವುದು 2.3 ಆಂಪಿಯರ್ ಮಾತ್ರ. ಫ್ಯೂಸಿಗೆ ಏನೂ ಆಗುವುದಿಲ್ಲ. ಪಂಪು ಓಡುತ್ತಲೇ ಇರುತ್ತದೆ, ಅದರ ಮೈ ಪೂರ್ತಿ ಕರೆಂಟು ಇರುತ್ತದೆ, ಬಿಸಿಯೂಟದ ತಟ್ಟೆ ತೊಳೆದು ಬಂದ ಮಗು ಒದ್ದೆ ಕೈಯಲ್ಲಿ ಅದನ್ನು ಮುಟ್ಟುತ್ತದೆ. ಮನುಷ್ಯನ ಪ್ರಾಣಕ್ಕೆ 0.1 ಆಂಪಿಯರ್ ಸಾಕು. ‘ಫ್ಯೂಸು ಕಾಯೋದು ವೈರನ್ನ, ನಿಮ್ಮನ್ನಲ್ಲ’ ಎಂದು ಅವರು ಹೇಳುತ್ತಿದ್ದುದನ್ನು ಕೇಳಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ.

ಪರೀಕ್ಷೆಗೆ ಅವರು ಹೋಗುತ್ತಿದ್ದುದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಮಲೆನಾಡಿನ ನೆಲ ನೆನೆದಿರುತ್ತದೆ, ಎಂಥ ಅರ್ಥಿಂಗೂ ಚೆನ್ನಾಗಿಯೇ ತೋರಿಸುತ್ತದೆ. ಏಪ್ರಿಲ್ ಬಿಸಿಲಿಗೆ ಜಂಬಿಟ್ಟಿಗೆಯ ಮಣ್ಣು ಒಣಗಿ ಕಲ್ಲಾದಾಗಲೇ ಅದರ ನಿಜ ಗೊತ್ತಾಗುವುದು. ಅಳತೆ ಸರಿಬಾರದ ಕಡೆ ಗುಂಡಿ ಬಿಡಿಸಿ, ಇದ್ದಿಲು ಉಪ್ಪು ತುಂಬಿ, ಪೈಪಿನ ಬಾಯಿಗೆ ನೀರು ಹೊಯ್ದು, ಮತ್ತೆ ಅಳೆಯುತ್ತಿದ್ದರು. ಎಲ್ಲ ಮುಗಿದ ಮೇಲೆ ಗುಂಡಿಯ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಸಾಲು: ಅಳೆದ ತಾರೀಖು, ಎಷ್ಟು ಓಮ್. ಕೆಳಗೆ ಹೆಸರಿಲ್ಲ. ಮರುವರ್ಷ ಹಳೆಯದನ್ನು ಒರೆಸಿ ಹೊಸದನ್ನು ಬರೆಯುತ್ತಿದ್ದರು.

ಒಂದು ಶಾಲೆಯಲ್ಲಿ ಮೇಷ್ಟ್ರು ಸಂಕೋಚದಿಂದಲೇ ಕೇಳಿದ್ದು ನೆನಪಿದೆ: ‘ಸರ್, ಈ ಪಂಪು ಹಾಕಿ ಎಷ್ಟೋ ವರ್ಷ ಆಯ್ತು. ಇಲ್ಲಿವರೆಗೆ ಏನೂ ಆಗಿಲ್ಲವಲ್ಲ?’

‘ಏನೂ ಆಗದಿರಲಿ ಅಂತಲೇ ಬಂದಿದ್ದು ಮೇಷ್ಟ್ರೇ’ ಎಂದು ದೊಡ್ಡಪ್ಪ ಗೂಟ ಬಡಿಯಲು ಬಗ್ಗಿದರು.

ಈ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಬಿದ್ದವನನ್ನು ಎತ್ತಿದವನಿಗೆ ಕೃತಜ್ಞತೆ ಸಿಗುತ್ತದೆ. ಬೀಳದಂತೆ ದಾರಿಯ ಕಲ್ಲು ತೆಗೆದಿಟ್ಟವನಿಗೆ ಸಿಗುವುದಿಲ್ಲ, ಏಕೆಂದರೆ ಉಳಿದುಕೊಂಡವನಿಗೇ ತಾನು ಉಳಿದುಕೊಂಡದ್ದು ಗೊತ್ತಿರುವುದಿಲ್ಲ. ತಾನು ಯಾರನ್ನು ಉಳಿಸಿದೆ ಎಂಬುದು ಕಲ್ಲು ತೆಗೆದವನಿಗೂ ಗೊತ್ತಾಗುವುದಿಲ್ಲ. ಹಾಗಿದ್ದಮೇಲೆ ಒಬ್ಬ ಮನುಷ್ಯ ಇಷ್ಟು ವರ್ಷ ಯಾವ ಬಲದ ಮೇಲೆ ಇದನ್ನು ಮಾಡಿಕೊಂಡು ಬರುತ್ತಾನೆ?

ಮನೆಯಲ್ಲಿ ಇದಕ್ಕೊಂದು ಉತ್ತರವಿತ್ತು. ಸರ್ವಿಸಿನಲ್ಲಿದ್ದಾಗ ಆಷಾಢದ ಒಂದು ಮಳೆಯಲ್ಲಿ ಮರ ಬಿದ್ದು ಲೈನು ಹರಿದಿತ್ತು. ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟು ತೆಗೆಸಿದ ಅನುಮತಿ, ತೆಗೆದುಕೊಂಡೇ ಹುಡುಗರು ಕಂಬ ಹತ್ತಿದ್ದರು. ಆಚೆ ಎಲ್ಲೋ ಯಾರೋ ಜನರೇಟರ್ ಹಚ್ಚಿದ್ದರು. ಆ ಕರೆಂಟು ಹಿಂದುಮುಂದಾಗಿ ಸತ್ತ ಲೈನಿಗೆ ಬಂತು. ಲೈನ್‌ಮನ್ ಒಬ್ಬ ಕಂಬದ ಮೇಲೇ ಹೋಗಿಬಿಟ್ಟ. ಕಾಗದದ ಪ್ರಕಾರ ಎಲ್ಲವೂ ಸರಿಯಿತ್ತು. ಕೆಲಸ ಮಾಡುವ ಜಾಗದ ಎರಡೂ ಬದಿಗೆ ಅರ್ಥ್ ರಾಡ್ ಕಟ್ಟಿದ್ದರೆ ಅವನು ಉಳಿಯುತ್ತಿದ್ದ ಎಂಬುದಷ್ಟೇ ದೊಡ್ಡಪ್ಪನ ಮನಸ್ಸಿನಲ್ಲಿ ಕೂತುಬಿಟ್ಟಿತು. ಶಾಲೆಗಳ ತಿರುಗಾಟ ಅದರ ಪ್ರಾಯಶ್ಚಿತ್ತ ಎಂದು ನಮ್ಮ ಮನೆಯವರು ಹೇಳುತ್ತಿದ್ದರು.

ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಈಗ ಅದು ಅರ್ಧ ಸತ್ಯ ಎನ್ನಿಸುತ್ತದೆ. ಪ್ರಾಯಶ್ಚಿತ್ತ ಮಾಡಿಕೊಳ್ಳುವವನ ಕಣ್ಣು ತನ್ನ ಮೇಲೆಯೇ ಇರುತ್ತದೆ. ದೊಡ್ಡಪ್ಪನಿಗೆ ತನ್ನ ಬಗ್ಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ. ಇದು ನನಗೆ ತಿಳಿದದ್ದು ಅವರು ದೊಡ್ಡಮ್ಮನನ್ನು ನೋಡಿಕೊಂಡ ರೀತಿಯಿಂದ.

ದೊಡ್ಡಮ್ಮನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತವು. ಆಸ್ಪತ್ರೆಯಿಂದ ಕರೆತರುವ ಮುಂಚಿನ ದಿನ ದೊಡ್ಡಪ್ಪ ಟೇಪು ಹಿಡಿದು ಮನೆಯನ್ನೆಲ್ಲ ಅಳೆದರು. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಯಾವ ಹೊಸ್ತಿಲು ಎಷ್ಟು ಎತ್ತರ, ಬಲಗೈಗೆ ಎಲ್ಲಿ ಆಸರೆ ಬೇಕು. ಬಚ್ಚಲಿನ ಗೋಡೆಗೆ ಕಬ್ಬಿಣದ ಹಿಡಿಕೆ ಬಂತು, ಹೊಸ್ತಿಲು ಇಳಿಜಾರಾಯಿತು, ಮಂಚದ ಬಲಕ್ಕೆ ಒಂದು ಬೆಲ್ಲು. ಆ ಬೆಲ್ಲಿನ ಗುಂಡಿಯನ್ನು ದೊಡ್ಡಮ್ಮ ಮಲಗಿದಲ್ಲಿಂದ ನೋಡದೆಯೇ ಒತ್ತುವಂತಿರಬೇಕೆಂದು ತಾವೇ ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ಕೈಚಾಚಿ ಜಾಗ ಗುರುತು ಹಾಕಿದರು. ಕರೆಂಟು ಹೋದರೂ ಬೆಲ್ಲು ಹೊಡೆಯಲಿ ಎಂದು ಅದಕ್ಕೊಂದು ಬ್ಯಾಟರಿ. ದೊಡ್ಡಮ್ಮ ಆ ಮನೆಯಲ್ಲಿ ಒಮ್ಮೆಯೂ ಬೀಳಲಿಲ್ಲ. ಇದನ್ನು ಯಾರೂ ದೊಡ್ಡ ವಿಷಯವೆಂದು ಮಾತನಾಡಲಿಲ್ಲ. ಬೀಳದಿರುವುದು ಸುದ್ದಿಯಲ್ಲವಲ್ಲ.

ಮನೆಯನ್ನು ಬಿಟ್ಟು ಊರಿಗಾಗಿ ದುಡಿದವರನ್ನು ನಾವು ತ್ಯಾಗಿಗಳು ಎನ್ನುತ್ತೇವೆ. ಅವರ ಹೆಂಡತಿ ಮಕ್ಕಳು ಆ ತ್ಯಾಗದ ಬೆಲೆ ತೆತ್ತದ್ದನ್ನು ಹೇಳುವುದಿಲ್ಲ. ಮನೆಯನ್ನೇ ನೋಡಿಕೊಂಡವರನ್ನು ಸಂಸಾರಸ್ಥರು ಎಂದು ಸುಮ್ಮನಾಗುತ್ತೇವೆ. ದೊಡ್ಡಪ್ಪನಲ್ಲಿ ಈ ಎರಡು ಖಾತೆ ಇರಲಿಲ್ಲ. ಹೆಂಡತಿಯ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿ ನೋಡಿದ ಮನುಷ್ಯನೇ ಶಾಲೆಯ ನಲ್ಲಿಯ ಹತ್ತಿರ ಮಗುವಿನಷ್ಟು ಬಗ್ಗಿ, ಕೈ ಎಲ್ಲಿಗೆ ತಾಗುತ್ತದೆ ಎಂದು ನೋಡುತ್ತಿದ್ದ. ಎರಡೂ ಕಡೆ ಕೇಳಿಕೊಳ್ಳುತ್ತಿದ್ದುದು ಒಂದೇ ಪ್ರಶ್ನೆ: ನಾನಿಲ್ಲದ ಹೊತ್ತಿನಲ್ಲಿ ಇವರಿಗೆ ಏನಾಗಬಹುದು?

ಈ ಪ್ರಶ್ನೆ ಭಯಸ್ಥರಲ್ಲೂ ಏಳುತ್ತದೆ. ಆದರೆ ಭಯ ಅಲ್ಲಿಗೇ ನಿಂತು ಕೈಕಾಲು ಕಟ್ಟಿಹಾಕುತ್ತದೆ. ಹೋಗಬೇಡ, ಮುಟ್ಟಬೇಡ ಎನ್ನುತ್ತದೆ. ದೊಡ್ಡಪ್ಪ ಯಾರಿಗೂ ಬರೀ ಮುಟ್ಟಬೇಡ ಎಂದು ಹೇಳಿ ಸುಮ್ಮನಾಗಲಿಲ್ಲ. ಮುಟ್ಟಿದರೂ ಏನೂ ಆಗದಂತೆ ಮಾಡಿಡಲು ಹೋದರು. ಕೊನೆಯ ವರ್ಷಗಳಲ್ಲಿ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂತು. ಮರ ಹತ್ತದೆ ನೆಲದಲ್ಲೇ ನಿಂತು ಅಡಿಕೆ ಕೊನೆ ತೆಗೆಯಬಹುದು, ಬೋರ್ಡೋ ದ್ರಾವಣ ಹೊಡೆಯಬಹುದು. ಹಗುರ, ನೋಡಲು ಪ್ಲಾಸ್ಟಿಕ್ಕಿನಂತೆ. ಆದರೆ ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ 11 ಸಾವಿರ ವೋಲ್ಟಿನ ಲೈನು ಹಾದುಹೋಗಿದ್ದರೆ ದೋಟಿಯ ತುದಿ ಅದರ ಹತ್ತಿರ ಹೋಗುವುದೇ ಸಾವು. ಕೊನೆಕೊಯ್ಲಿನ ಮುಂಚೆ ದೊಡ್ಡಪ್ಪ ಕೋಲೂರಿಕೊಂಡು ತೋಟ ತೋಟಕ್ಕೆ ಹೋಗಿ, ಲೈನಿನ ಕೆಳಗಿನ ಮರಗಳಿಗೆ ಬಣ್ಣದ ಪಟ್ಟಿ ಹೊಡೆಸಿದರು. ‘ಈ ಪಟ್ಟಿ ಇರೋ ಮರಕ್ಕೆ ದೋಟಿ ಎತ್ತಬೇಡ ಮಾರಾಯ. ಲೈನ್ ಕ್ಲಿಯರ್ ತಗೊಂಡ ದಿನ ಒಟ್ಟಿಗೇ ತೆಗೆಯೋಣ, ನಾನೇ ಫೋನ್ ಮಾಡಿ ಹೇಳ್ತೀನಿ’ ಎಂದು ಕೊನೆ ತೆಗೆಯುವ ಕೊನೆಗೌಡನೊಬ್ಬನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹಂದಿ ಕಾಟಕ್ಕೆ ಬೇಲಿಗೆ ನೇರ ಕರೆಂಟು ಕೊಡುತ್ತಿದ್ದವರ ಮನೆಗೂ ಹೋದರು. ಬೈಯಲಿಲ್ಲ, ಪೊಲೀಸರ ಹೆಸರೆತ್ತಲಿಲ್ಲ. ಕ್ಷಣಮಾತ್ರ ಮಿಡಿದು ನಿಲ್ಲುವ ಸೋಲಾರ್ ಬೇಲಿ ಹೇಗೆ ಹಂದಿಯನ್ನು ಓಡಿಸುತ್ತದೆ, ಕೊಲ್ಲುವುದಿಲ್ಲ ಎಂದು ಜಗಲಿಯಲ್ಲಿ ಕೂತು ವಿವರಿಸಿದರು. ಕೇಳಿದವರೂ ಇದ್ದರು, ಕೇಳದವರೂ ಇದ್ದರು. ಕೇಳದವರ ಮನೆಗೆ ಮತ್ತೆ ಹೋದರು.

ಇಷ್ಟು ಹೇಳುವಾಗ ಶರಾವತಿಯ ಮಾತನ್ನು ಬಿಡಲಾಗುವುದಿಲ್ಲ, ಏಕೆಂದರೆ ಅವರ ಯೋಚನೆಯ ಬೇರು ಅಲ್ಲಿತ್ತು. ಲಿಂಗನಮಕ್ಕಿಯ ಗರಿಷ್ಠ ನೀರಿನ ಮಟ್ಟ 1819 ಅಡಿ ಎಂದು ಎಂಜಿನಿಯರುಗಳು ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದರು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ ಇಂದು 1035 ಮೆಗಾವಾಟ್. ಆ ನೀರಿಗೆ ಮನೆ, ಗದ್ದೆ ಬಿಟ್ಟು ಎದ್ದ ಸಾವಿರಾರು ಕುಟುಂಬಗಳು ಐವತ್ತು ವರ್ಷದ ಮೇಲೆ ಯಾವ ಪಹಣಿಯಲ್ಲಿರುತ್ತವೆ ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಕಾಡಿನ ನಡುವೆ ತಂದು ಇಳಿಸಿದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟವರ ಗುಡಿಸಲಿನಲ್ಲಿ ದಶಕಗಟ್ಟಲೆ ಚಿಮಣಿ ಬುಡ್ಡಿಯೇ ಉರಿಯಿತು. ಹಿನ್ನೀರಿನಾಚೆಯ ಜನ ಲಾಂಚಿಗೆ ಕಾದು ಕಾದು, ಕೊನೆಗೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ, ಅಣೆಕಟ್ಟು ಮುಗಿದು ಆರು ದಶಕವಾದ ಮೇಲೆ. ಅದನ್ನು ನೋಡಲು ದೊಡ್ಡಪ್ಪ ಇರಲಿಲ್ಲ.

ಅವರು ಶರಾವತಿಯನ್ನು ಹಳಿಯುತ್ತಿರಲಿಲ್ಲ. ತಾವು ಉಂಡ ಅನ್ನ ಅದರದೇ ಎಂದು ತಿಳಿದಿದ್ದರು. ಆದರೆ ಯಂತ್ರ ಶುರು ಮಾಡಿದ ದಿನಕ್ಕೆ ಎಂಜಿನಿಯರನ ಕೆಲಸ ಮುಗಿಯಿತು ಎಂಬುದನ್ನು ಒಪ್ಪುತ್ತಿರಲಿಲ್ಲ. ಅದರ ಬದಿಯಲ್ಲಿ ಬದುಕುವವರು ನಾಳೆ ಹೇಗಿರುತ್ತಾರೆ ಎಂದು ಹೋಗಿ ನೋಡದಿದ್ದರೆ ಅದು ಅರ್ಧ ಕೆಲಸ ಎನ್ನುತ್ತಿದ್ದರು. ಹಿನ್ನೀರಿನ ಹಳ್ಳಿಗಳಿಗೆ ಹೋಗಿ ಸರ್ವೆ ನಂಬರು ಹುಡುಕಿಕೊಟ್ಟು, ಕರೆಂಟಿನ ಅರ್ಜಿ ಬರೆದುಕೊಟ್ಟು ಬರುತ್ತಿದ್ದುದು ಈ ಉಳಿದರ್ಧಕ್ಕಾಗಿ. ಅಲ್ಲಿ ಅವರ ಕೈಲಾದದ್ದು ಬಹಳ ಕಡಿಮೆ. ಆದ ಅನಾಹುತವನ್ನು ಸರಿಪಡಿಸುವುದು ಎಷ್ಟು ಕಷ್ಟ ಎಂದು ಕಂಡಿದ್ದರಿಂದಲೇ, ಆಗುವ ಮುಂಚೆ ತಡೆಯುವುದರ ಬೆಲೆ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಪ್ರೀತಿ ಎಂದರೆ ಇನ್ನೊಬ್ಬರ ನಾಳೆಯನ್ನು ಅವರಿಗಿಂತ ಮುಂಚೆ ಹೋಗಿ ನೋಡಿ ಬರುವುದು ಎಂದು ನಾನು ಕಲಿತದ್ದು ದೊಡ್ಡಪ್ಪನಿಂದ. ಅದಕ್ಕೆ ದೊಡ್ಡ ಮನಸ್ಸು ಇದ್ದರಷ್ಟೇ ಸಾಲದು; ಟೇಪು, ಸುತ್ತಿಗೆ, ಲೆಕ್ಕ ಬೇಕು, ವರ್ಷ ವರ್ಷ ಮತ್ತೆ ಹೋಗುವ ತಾಳ್ಮೆ ಬೇಕು. ಅರ್ಥಿಂಗ್ ಒಮ್ಮೆ ಮಾಡಿದರೆ ಮುಗಿಯುವ ಕೆಲಸವಲ್ಲ. ಮಣ್ಣು ಒಣಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಯಾರೋ ಬಣ್ಣ ಹೊಡೆಯುವಾಗ ಅಡ್ಡವಾಯಿತೆಂದು ಕತ್ತರಿಸಿರುತ್ತಾರೆ. ಆದ್ದರಿಂದ ಅವರ ನೆನಪಿಗೆ ದತ್ತಿ ನಿಧಿ ಇಡೋಣವೇ, ಕಲ್ಲಿನ ಬೆಂಚು ಹಾಕಿಸೋಣವೇ ಎಂಬ ಮಾತು ಬಂದಾಗ, ಗೋಡೆಯ ಮೇಲಿನ ಕೆಂಪಕ್ಷರದ ತಾರೀಖು ಹಳೆಯದಾಗದಿರಲಿ ಎಂದಷ್ಟೇ ನಾವು ತೀರ್ಮಾನಿಸಿದೆವು. ಐಟಿಐ ಓದಿ ವೈರಿಂಗ್ ಕೆಲಸ ಮಾಡುವ ನಮ್ಮೂರ ಹುಡುಗನ ಹತ್ತಿರ ಈಗ ಆ ಮೆಗ್ಗರ್ ಇದೆ. ಏಪ್ರಿಲ್ ಬಂದರೆ ಶಾಲೆಗಳಿಗೆ ಫೋನ್ ಮಾಡುವುದು ನನ್ನ ಪಾಲಿನ ಕೆಲಸ.

ನಿಮ್ಮ ಊರಿನ ಶಾಲೆಯಲ್ಲೋ, ದೇವಸ್ಥಾನದಲ್ಲೋ, ನಿಮ್ಮದೇ ತೋಟದ ಪಂಪಿನ ಮನೆಯಲ್ಲೋ ಆ ತಂತಿ ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಒಮ್ಮೆ ನೋಡಿ. ಎಲ್ಲ ಸರಿಯಾಗಿದ್ದರೆ, ಅದು ತಾನಾಗಿ ಸರಿಯಾಗಿ ಉಳಿದಿಲ್ಲ. ಯಾರೋ ನಿಮಗಿಂತ ಮುಂಚೆ ಬಂದು ನೋಡಿ ಹೋಗಿದ್ದಾರೆ. ಅವರು ಯಾರೆಂದು ವಿಚಾರಿಸಿ. ಇನ್ನೂ ಇದ್ದರೆ, ನುಡಿನಮನದವರೆಗೆ ಕಾಯದೆ, ಈಗಲೇ ಹೋಗಿ ಮಾತನಾಡಿಸಿ.