ಇಂದಿನ ಚಿಂತನೆ: ಎಷ್ಟು ಜನ? ಯಾವ ಜನ?



ರೆಸಾರ್ಟ್ ಬುಕ್ ಮಾಡುವಾಗ ಬರುವವರೆಲ್ಲರ ಹೆಸರು, ವಯಸ್ಸು ಕೇಳುತ್ತಾರೆ. ವಯಸ್ಸು ಸಲೀಸಾಗಿ ಬರೆಯುತ್ತೇವೆ. ಪೂರ್ತಿ ಹೆಸರು ಬರೆಯುವಾಗ ನಮ್ಮಲ್ಲಿ ಕೆಲವರ ಕೈ ಈಗಲೂ ತಡೆಯುತ್ತದೆ.

1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರು ಪಾರ್ಸಿ ವಸತಿಗೃಹದ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದು ತಂಗಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು.

ಸುಳ್ಳಾಡಬಾರದೆಂಬುದು ನಾಲ್ಕನೆಯ ಶೀಲ. ಆದರೆ ನಿಜ ಹೇಳಿದವರಿಗೆ ಬಾಗಿಲು ಮುಚ್ಚುವವರು ಆ ಸುಳ್ಳಿನಲ್ಲಿ ಪಾಲುದಾರರಲ್ಲವೇ?

‘ಎಷ್ಟು ಜನ?’ ಎಂದು ತಿಳಿಯಲು ಹೆಸರು ಕೇಳುವುದು ವ್ಯವಸ್ಥೆ. ‘ಯಾವ ಜನ?’ ಎಂದು ತಿಳಿಯಲು ಕೇಳುವುದು ಅಧರ್ಮ. ಹೋಟೆಲುಗಳಲ್ಲಿ ಜಾತಿಭೇದವನ್ನು ಸಂವಿಧಾನದ 15ನೇ ವಿಧಿ ನಿಷೇಧಿಸಿದೆ.

ನಮ್ಮ ಪೂರ್ತಿ ಹೆಸರನ್ನೇ ಬರೆಯೋಣ. ನಮ್ಮ ಮನೆಗೆ ಬಂದವರ ಹೆಸರಿನಲ್ಲಿ ನಾವೂ ಜಾತಿ ಹುಡುಕದಿರೋಣ.

ಭವತು ಸಬ್ಬ ಮಂಗಲಂ.